ಗೆದ್ದರೂ ಪಾಠ, ಸೋತರೂ ಪಾಠ

"ಮೈಕೆಲ್ ಚೇಕಾ ಅವರ ಬದುಕಿನಿಂದ ಪ್ರತಿಯೊಬ್ಬ ಮ್ಯಾನೇಜರ್ ಕಲಿಯಲೇಬೇಕಾದ ಹತ್ತು ಪಾಠಗಳು!" ಗೋಪಿ ಫೋನ್ ನೋಡಿಕೊಂಡು ಘೋಷಿಸಿದ.

"ಯಾರಪ್ಪಾ ಅದು?" ಅಂದರು ಮೇಷ್ಟ್ರು.

"ರಗ್ಬಿ ಕೋಚ್ ಸಾರ್. ಲೆಬನಾನ್‌ನಿಂದ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದವರ ಮಗ. ಹುಟ್ಟಿದ್ದು ಸಿಡ್ನಿಯಲ್ಲಿ."

"ರಗ್ಬಿ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದೇ ತಾನೆ?" ಅಂದ ಶಂಕ್ರಣ್ಣ.

"ಅದು ಅಮೆರಿಕದವರದ್ದು ಶಂಕ್ರಣ್ಣ. ಇಲ್ಲಿ ಹೆಲ್ಮೆಟ್ ಇಲ್ಲದೇ ಗುದ್ದಾಡ್ತಾರೆ," ಅಂದಳು ಪದ್ದಕ್ಕ. "ಹದಿನೈದು ಜನ. ಚೆಂಡು ಹಿಡ್ಕೊಂಡು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಎಸೆಯೋದು ಪಕ್ಕಕ್ಕೋ ಹಿಂದಕ್ಕೋ ಮಾತ್ರ. ಫಾರ್ವರ್ಡ್ ಮಾಡಿದರೆ ಸೀಟಿ."

"ಹಾಗಾದ್ರೆ ಗೋಪಿ ನಾಲಾಯಕ್ಕು ಬಿಡು."

ಗೋಪಿ ಕಿವಿಗೆ ಹಾಕಿಕೊಳ್ಳಲಿಲ್ಲ. "ಪಾಠ ಒಂದು. ಕಂಫರ್ಟ್ ಜೋನ್ ಬಿಟ್ಟು ಹೊರಗೆ ಬನ್ನಿ. ಫ್ರಾನ್ಸಿನಲ್ಲಿ ಕಾಸ್ತ್ರ್, ಪ್ಯಾರಿಸ್, ಇಟಲಿಯಲ್ಲಿ ಲಿವೋರ್ನೊ, ಎಲ್ಲಾ ಕಡೆ ಆಡಿದವರು!"

"ರಾಂಡ್‌ವಿಕ್ ಕ್ಲಬ್ಬಿಗೆ 300ಕ್ಕೂ ಹೆಚ್ಚು ಪಂದ್ಯ ಆಡಿದಾನಲ್ಲ, ಹುಟ್ಟಿದೂರಿನಲ್ಲೇ. ಅದು ಯಾವ ಜೋನು?" ಅಂದಳು ಪದ್ದಕ್ಕ.

"ಅದು... ಬೇರು ಮರೀಬಾರದು ಅಂತ. ಪಾಠ ಎರಡು, ಒಂದೇ ಆದಾಯ ನಂಬ್ಕೋಬೇಡಿ. ಅವರು ಫ್ಯಾಶನ್ ಬಟ್ಟೆ ವ್ಯಾಪಾರದಲ್ಲೂ ಇದ್ರು."

"ಅಲ್ವೋ, 1995ರವರೆಗೆ ಈ ಹದಿನೈದು ಜನರ ರಗ್ಬಿ ಯೂನಿಯನ್‌ನಲ್ಲಿ ಆಟಗಾರರಿಗೆ ಸಂಬಳ ಕೊಡೋ ಹಾಗೇ ಇರಲಿಲ್ಲ. ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಎಲ್ಲರಿಗೂ ಇತ್ತು. ಆಗ ಅದನ್ನ ಯಾರೂ ಪಾಠ ಅಂತಿರಲಿಲ್ಲ."

"ಪಾಠ ಮೂರು, ತಾಳ್ಮೆ," ಗೋಪಿ ಧ್ವನಿ ಏರಿಸಿದ. "ಐರ್ಲೆಂಡಿನ ಲೆನ್‌ಸ್ಟರ್ ತಂಡಕ್ಕೆ 2005ರಲ್ಲಿ ಕೋಚ್ ಆದ್ರು. ಐದು ವರ್ಷ ಅಲ್ಲೇ ಕೂತ್ರು. 2009ರಲ್ಲಿ ಹೈನಕೆನ್ ಕಪ್, ಯುರೋಪಿನ ದೊಡ್ಡ ಕ್ಲಬ್ ಪ್ರಶಸ್ತಿ! ಪಾಠ ನಾಲ್ಕು, ಸರಿಯಾದ ಹೊತ್ತಿಗೆ ಕೈಬಿಡುವ ಧೈರ್ಯ. ಪ್ಯಾರಿಸ್ಸಿನ ಸ್ತಾದ್ ಫ್ರಾನ್ಸೆ ತಂಡವನ್ನ ಎರಡೇ ವರ್ಷಕ್ಕೆ ಬಿಟ್ರು."

"ಐದು ವರ್ಷ ಇದ್ದರೆ ತಾಳ್ಮೆ, ಎರಡಕ್ಕೇ ಬಿಟ್ಟರೆ ಧೈರ್ಯ. ಮೂರೂವರೆ ವರ್ಷ ಇದ್ದಿದ್ರೆ?"

"ಸಮತೋಲನ," ಅಂದ ಗೋಪಿ, ಒಂಚೂರೂ ತಡವರಿಸದೆ.

ಮೇಷ್ಟ್ರು ನಕ್ಕುಬಿಟ್ಟರು. ಪದ್ದಕ್ಕ ನಗಲಿಲ್ಲ. ಇಂಥ ಪಾಠದ ಪಟ್ಟಿಗಳನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ.

"2014ರ ಸೂಪರ್ ರಗ್ಬಿ ಫೈನಲ್ ನೆನಪಿದೆಯಾ? ಇವನ ವಾರಟಾಸ್ ತಂಡ ಕ್ರುಸೇಡರ್ಸ್ ಎದುರು ಇನ್ನೇನು ಸೋತೇಬಿಟ್ಟಿತು ಅನ್ನೋವಾಗ ಪೆನಾಲ್ಟಿ ಸಿಕ್ತು. ಬರ್ನಾರ್ಡ್ ಫೋಲಿ ಅಷ್ಟು ದೂರದಿಂದ ಒದ್ದ, ಚೆಂಡು ಕಂಬದೊಳಗೆ ಹೋಯ್ತು. 33-32. ಉತ್ತರಾರ್ಧಗೋಳದ್ದೂ ದಕ್ಷಿಣಾರ್ಧಗೋಳದ್ದೂ ದೊಡ್ಡ ಕ್ಲಬ್ ಪ್ರಶಸ್ತಿ ಎರಡೂ ಗೆದ್ದ ಮೊದಲ ಕೋಚ್ ಅಂತ ಇವನು ಮಹಾಪುರುಷ ಆದ. ಚೆಂಡು ಒಂದು ಮಾರು ಆಚೆ ಹೋಗಿದ್ರೆ?"

"ಸೋಲಿನಿಂದ ಕಲಿಯುವ ಹತ್ತು ಪಾಠಗಳು," ಅಂದ ಶಂಕ್ರಣ್ಣ.

"ನೋಡು! ಶಂಕ್ರಣ್ಣನಿಗೂ ಬರೆಯೋಕೆ ಬಂತು. ಒದ್ದವನು ಫೋಲಿ, ಪಾಠ ಕೋಚಿಂದು."

"ಅದೇ ವರ್ಷ ಆಸ್ಟ್ರೇಲಿಯಾ ತಂಡಾನೇ ಕೈಗೆ ಕೊಟ್ರಲ್ಲ!" ಗೋಪಿ ಬಿಡುವವನಲ್ಲ. "ಆಟಗಾರನಾಗಿ ದೇಶದ ಪರ ಒಂದು ಟೆಸ್ಟೂ ಆಡದವರು. ಮರುವರ್ಷವೇ ವಿಶ್ವಕಪ್ ಫೈನಲ್, 2015ರ ವರ್ಷದ ಕೋಚ್ ಪ್ರಶಸ್ತಿ!"

"ಫೈನಲ್‌ನಲ್ಲಿ ನ್ಯೂಜಿಲೆಂಡ್ 34, ಇವರು 17. 2018ರಲ್ಲಿ 13 ಟೆಸ್ಟ್ ಆಡಿ ಗೆದ್ದದ್ದು 4. ಅದೇ ತಲೆ, ಅದೇ ಸಿಟ್ಟು, ಅದೇ ಭಾಷಣ. 2015ರಲ್ಲಿ ಪಾಠ ಕಲಿತ ಮ್ಯಾನೇಜರುಗಳು 2018ರಲ್ಲಿ ವಾಪಸ್ ಕೊಟ್ರಾ?"

"ಸರಿ, 2022 ನವೆಂಬರ್‌ಗೆ ಏನಂತೀಯಾ? ಇಂಗ್ಲೆಂಡ್‌ನಲ್ಲಿ ಲೆಬನಾನ್‌ನ ರಗ್ಬಿ ಲೀಗ್ ತಂಡಕ್ಕೂ (ಅದು ಹದಿಮೂರು ಜನ ಆಡೋ ಇನ್ನೊಂದು ಬಗೆಯ ರಗ್ಬಿ) ಅವರೇ ಕೋಚ್, ಅರ್ಜೆಂಟೀನಾದ ರಗ್ಬಿ ಯೂನಿಯನ್ ತಂಡಕ್ಕೂ ಅವರೇ. ಒಂದೇ ವಾರಾಂತ್ಯ, ಎರಡು ಪಂದ್ಯ. ಟ್ವಿಕೆನಮ್‌ನಲ್ಲಿ ಅರ್ಜೆಂಟೀನಾ ಇಂಗ್ಲೆಂಡನ್ನ 30-29ಕ್ಕೆ ಹೊಡೀತು. ಮಲ್ಟಿಟಾಸ್ಕಿಂಗ್!"

"ಲೆಬನಾನ್ ಏನಾಯ್ತು?"

ಗೋಪಿ ಫೋನಿನಲ್ಲಿ ಮೇಲೆ ಕೆಳಗೆ ಹುಡುಕಿದ.

"ನಾನೇ ಹೇಳ್ತೀನಿ. ಎರಡು ದಿನ ಮುಂಚೆ ಆಸ್ಟ್ರೇಲಿಯಾ ಎದುರು 48-4ಕ್ಕೆ ಸೋತು ಬಂತು. ಒಬ್ಬನೇ ಮನುಷ್ಯ, ಒಂದೇ ವಾರಾಂತ್ಯ. ಯಾವ ಪಂದ್ಯದ್ದು ಪಾಠ, ಯಾವುದು ಪಠ್ಯದ ಹೊರಗೆ?"

"ಇಷ್ಟೆಲ್ಲಾ ಊರು ತಿರುಗೋಕೆ ಆ ಮನುಷ್ಯನಿಗೆ ಭಾಷೆ?" ಮೇಷ್ಟ್ರು ಸುಮ್ಮನೆ ಕೇಳಿದರು.

"ಫ್ರೆಂಚ್, ಇಟಾಲಿಯನ್, ಅರಬ್ಬಿ ಎಲ್ಲಾ ಬರುತ್ತೆ ಮೇಷ್ಟ್ರೇ. ಅದು ಒಪ್ಪೋಣ, ಸುಮ್ಮನೆ ಬರೋ ವಿದ್ಯೆ ಅಲ್ಲ. ಕೋಚ್ ಆಗಿ ಶುರು ಮಾಡಿದ್ದೂ ಇಟಲಿಯಲ್ಲೇ, ಪಡೊವಾದಲ್ಲಿ. ಒಂದೇ ವರ್ಷ."

"ಹತ್ತರಲ್ಲಿ ಪಡೊವಾ ಇಲ್ವಲ್ಲ," ಅಂದ ಗೋಪಿ. "ಅಲ್ಲಿ ಏನು ಗೆದ್ರು?"

"ಏನೂ ಇಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ಬಿಟ್ಟು ಬಂದ."

"ಬಂದನಾ?" ಅಂದರು ಮೇಷ್ಟ್ರು.

"ಬಂದ ಮೇಷ್ಟ್ರೇ."

ಶಂಕ್ರಣ್ಣ ಏನೋ ಕೇಳಲು ಹೋಗಿ ಗಂಟಲು ಸರಿಮಾಡಿಕೊಂಡ. ಮೇಷ್ಟ್ರೇ ಮಾತು ತೆಗೆದರು. "ಗೋಪಿ, ಅದರ ಕೆಳಗೆ ಪಡೊವಾದ್ದೂ ಒಂದು ಸಾಲು ಸೇರಿಸಿ ನನ್ನ ಮಗನಿಗೆ ಕಳಿಸಿಬಿಡಪ್ಪ. ನಾನು ಕಳಿಸಿದ್ದನ್ನ ಅವನು ತೆಗೆದೂ ನೋಡಲ್ಲ. ಮ್ಯಾನೇಜರ್‌ಗಳಿಗೆ ಅಂತ ಬರೆದಿದ್ದರೆ ಓದ್ತಾನೆ."

"ಹನ್ನೊಂದನೇ ಪಾಠ ಅಂತ ಹಾಕ್ಲಾ ಸಾರ್?"

ಪದ್ದಕ್ಕ ಬಾಯಿ ತೆರೆದವಳು ಮೇಷ್ಟ್ರ ಮುಖ ನೋಡಿ ಸುಮ್ಮನಾದಳು. "ಹಾಕು ಹಾಕು," ಅಂದಳು.

ಗೋಪಿ ಟೈಪ್ ಮಾಡಿ ಕಳಿಸಿದ. ಶಂಕ್ರಣ್ಣ ಮಾತು ತಿರುಗಿಸಿದ. "ಆಮೇಲೆ ಎಲ್ಲಿಗೆ ಹೋದ ನಿಮ್ಮ ಚೇಕಾ?"

"ಇಂಗ್ಲೆಂಡಿನ ಲೆಸ್ಟರ್‌ಗೆ, 2024ರಲ್ಲಿ. ಮಜಾ ಏನು ಗೊತ್ತಾ, 2009ರ ಫೈನಲ್‌ನಲ್ಲಿ ಲೆನ್‌ಸ್ಟರ್ ಸೋಲಿಸಿದ್ದು ಇದೇ ಲೆಸ್ಟರನ್ನ. ಜಗಳ ಆಡಿದ ಮನೆಗೇ ಅಳಿಯ ಆಗಿ ಹೋದ ಹಾಗಾಯ್ತು. ಒಂದೇ ಸೀಸನ್ ಇದ್ದ, ತಂಡ ಇಂಗ್ಲೆಂಡಿನ ಕ್ಲಬ್ ಟೂರ್ನಿಯ ಫೈನಲ್ ಮುಟ್ಟಿತು. ಬಾತ್ 23, ಲೆಸ್ಟರ್ 21."

"ಅಯ್ಯೋ, ಎರಡೇ ಪಾಯಿಂಟು! ಅದಕ್ಕೇನಾದ್ರೂ ಪಾಠ ಇರಲೇಬೇಕು ಪದ್ದಕ್ಕ," ಅಂದ ಗೋಪಿ.

"ಇದೆ. ಬಾತ್‌ನವರು ಎರಡು ಪಾಯಿಂಟ್ ಜಾಸ್ತಿ ಹೊಡೆದ್ರು."