ವರ್ಚುವಲ್‌ಬಾಕ್ಸ್ ಒಳಗಿನ ವಿಂಡೋಸ್ 7ಕ್ಕೆ ದಿನಕ್ಕೆರಡು ಸಲ ನೀಲಿ ಪರದೆ, ಯಾರಾದರೂ ನೋಡಿ ಹೇಳಿ

ಡಿಟಿಪಿ_ಶಿರಸಿ:
ನಮಸ್ಕಾರ. ಶಿರಸಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಹಳೇ ಫೈಲುಗಳೆಲ್ಲ ಪೇಜ್‌ಮೇಕರ್‌ನಲ್ಲಿವೆ, ಅಕ್ಷರ ನುಡಿಯದ್ದು. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಯ ವರದಿ ಎಲ್ಲ ಅದರಲ್ಲೇ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಅದಕ್ಕೇ ವಿಂಡೋಸ್ 11ರಲ್ಲಿ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ 32 ಬಿಟ್‌ನ ವಿಂಡೋಸ್ 7 ಇಟ್ಟುಕೊಂಡಿದ್ದೇನೆ.

ಮೊದಲಿನಿಂದಲೂ ಸ್ವಲ್ಪ ನಿಧಾನವೇ. ಆದರೆ ಜೂನ್‌ನಿಂದ ವಿಂಡೋಸ್ 7 ಕುಸಿದು ನೀಲಿ ಪರದೆ ಬರುವ ಕಾಟ ಶುರುವಾಗಿದೆ. ನಿನ್ನೆ ಗಿರಾಕಿ ಎದುರಿಗೇ ಕೂತಿದ್ದಾಗ ಕಾಗದ ಪೂರ್ತಿ ಹೋಯಿತು. ಕಂಪ್ಯೂಟರಿನಲ್ಲಿ 8 ಜಿಬಿ ರ‍್ಯಾಮ್, 4 ಕೋರ್ ಇದೆ. ಒಳಗಿನದಕ್ಕೆ 6 ಜಿಬಿ, 4 ಕೋರ್ ಕೊಟ್ಟಿದ್ದೇನೆ. ವಿಂಡೋಸ್ 7 ಎರಡು ಸಲ ಹೊಸದಾಗಿ ಹಾಕಿದೆ. ಉಪಯೋಗ ಆಗಲಿಲ್ಲ.

ಕೋಡಿಬಾಗ_ಕಾರವಾರ:
ಮೂರನೇ ಸಲ ಹಾಕಬೇಡಿ ಮಾರಾಯ್ರೆ. ನನಗೆ ಅನುಮಾನ ಇರುವುದು ಹೊರಗಿನ ಕಂಪ್ಯೂಟರಿನ ಮೇಲೆ.

32 ಬಿಟ್‌ನ ವಿಂಡೋಸ್ 7ಕ್ಕೆ 4 ಜಿಬಿಗಿಂತ ಜಾಸ್ತಿ ಬಳಸಲು ಬರುವುದಿಲ್ಲ. ನೀವು 6 ಕೊಟ್ಟು, ವಿಂಡೋಸ್ 11ಕ್ಕೆ ಬರೀ 2 ಉಳಿಸಿದ್ದೀರಿ. ಅದು ಉಸಿರಾಡಲಾಗದೆ ಡಿಸ್ಕಿಗೆ ಬರೆಯುತ್ತಾ ಕೂರುತ್ತದೆ. ಪೇಜ್‌ಮೇಕರಿಗೆ 2 ಜಿಬಿ, 2 ಕೋರ್ ಧಾರಾಳ ಆಯಿತು.

ಆಮೇಲೆ, ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ ನೋಡಿ. ಇದ್ದರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನು, ಅಂದರೆ ಒಳಗಿನ ಕಂಪ್ಯೂಟರ್ ಓಡಿಸಲು ಬೇಕಾದದ್ದನ್ನು, ವಿಂಡೋಸ್ 11ರದೇ ಆದ ಹೈಪರ್-ವಿ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ನಡೆಯುತ್ತಿದೆ ಎಂದರ್ಥ. ವಿಂಡೋಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೋಲೇಶನ್ ಒಳಗೆ ಮೆಮರಿ ಇಂಟೆಗ್ರಿಟಿ ಇರುತ್ತದೆ, ಅದೂ ಹೈಪರ್-ವಿಯನ್ನೇ ಬಳಸುತ್ತದೆ. ಅದನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಆಮೆ ಹೋಗದಿದ್ದರೆ ವಿಂಡೋಸ್ ಫೀಚರ್ಸ್‌ನಲ್ಲಿ ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಟಿಕ್ ಆಗಿದೆಯಾ ನೋಡಿ. ಭದ್ರತೆ ಸ್ವಲ್ಪ ಕಮ್ಮಿಯಾಗುತ್ತದೆ, ತಿಳಿದೇ ಮಾಡಿ. ವಿಂಡೋಸ್ 7ಕ್ಕಂತೂ 2020ರ ಜನವರಿಗೇ ಬೆಂಬಲ ನಿಂತಿದೆ, ಅದರ ನೆಟ್‌ವರ್ಕ್ ತೆಗೆದೇಬಿಡಿ.

ಆದರೆ ಆಮೆಗೂ ಜೂನ್‌ಗೂ ಏನು ಸಂಬಂಧ? ನೀಲಿ ಪರದೆಯ ಕೆಳಗಿನ ನಂಬರ್ ಬರೆದುಕೊಳ್ಳಿ. ವರ್ಚುವಲ್ ಡಿಸ್ಕ್ ಫೈಲು ಎಲ್ಲಿದೆ?

ಡಿಟಿಪಿ_ಶಿರಸಿ:
ಆಮೆ ಇತ್ತು! ಈಗ ಅಲ್ಲಿ 'ವಿ' ಗುರುತು ಬಂದಿದೆ, ಮೌಸ್ ಹೇಳಿದ ಹಾಗೆ ಕೇಳುತ್ತದೆ. ಆದರೆ ಇವತ್ತು ಮಧ್ಯಾಹ್ನ ಮತ್ತೆ ನೀಲಿ. ನಂಬರಿನ ಕೊನೆಗೆ 7ಎ. ಫೈಲು ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿದೆ, ಅಡಾಪ್ಟರ್ ಬೇರೆ ಇರುವ ದೊಡ್ಡದು.

ಕೋಡಿಬಾಗ_ಕಾರವಾರ:
7ಎ ಅಂದರೆ ವಿಂಡೋಸ್ ಡಿಸ್ಕಿನಲ್ಲಿಟ್ಟ ಮೆಮರಿಯ ತುಣುಕನ್ನು ವಾಪಸ್ ಓದಲು ಆಗಲಿಲ್ಲ ಅಂತ. ವಿಂಡೋಸ್ 11ರಲ್ಲಿ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ 157 ನಂಬರ್ ಹುಡುಕಿ. ಹೇಳದೆ ಕೇಳದೆ ಡಿಸ್ಕ್ ಕಿತ್ತುಹೋದರೆ ಅದು ಬರುತ್ತದೆ. ಅಡಾಪ್ಟರ್ ಯುಪಿಎಸ್‌ಗೆ ಹಾಕಿದ್ದೀರಿ ತಾನೆ?

ಡಿಟಿಪಿ_ಶಿರಸಿ:
ಅಯ್ಯೋ. ಇಲ್ಲ. ಯುಪಿಎಸ್‌ನಲ್ಲಿ ಬ್ಯಾಟರಿ ಪ್ಲಗ್ ಎರಡೇ, ಕಂಪ್ಯೂಟರಿಗೊಂದು ಮಾನಿಟರಿಗೊಂದು. ಡಿಸ್ಕ್ ಗೋಡೆಯ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿದೆ. 157 ಜೂನ್‌ನಿಂದ ಸಾಲಾಗಿ ಬಿದ್ದಿವೆ. ಇವತ್ತಿನದು 2 ಗಂಟೆ 40ಕ್ಕೆ. ಆಗಲೇ ಟ್ಯೂಬ್‌ಲೈಟ್ ಒಮ್ಮೆ ಪಿಳುಕಿಸಿದ್ದು ನೆನಪಿದೆ. ಮಳೆಗಾಲದಲ್ಲಿ ಇಲ್ಲಿ ಅದು ಲೆಕ್ಕಕ್ಕೇ ಇಲ್ಲ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಕೋಡಿಬಾಗ_ಕಾರವಾರ:
ನೀವು ನೋಡಲಿಲ್ಲ, ಡಿಸ್ಕ್ ನೋಡಿತು. ಒಳಗಿನ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ, ಸೇವ್ ಸ್ಟೇಟ್‌ನಲ್ಲಿ ಬಿಡಬೇಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಮೂವ್' ಕೊಟ್ಟು ಕಂಪ್ಯೂಟರಿನ ಡಿಸ್ಕಿಗೇ ತನ್ನಿ. ಜಾಗ ಮೊದಲು ನೋಡಿಕೊಳ್ಳಿ. ಆಮೇಲೆ ವಿಂಡೋಸ್ 7ರಲ್ಲಿ ಡಿಸ್ಕ್ ಚೆಕ್ ಒಂದು ಓಡಿಸಿ, ಇಷ್ಟು ಸಲ ಬಿದ್ದ ಮೇಲೆ ಒಳಗೆ ಏನಾದರೂ ಕೆಟ್ಟಿರುತ್ತದೆ.

ಡಿಟಿಪಿ_ಶಿರಸಿ:
ನಾಲ್ಕು ದಿನ ಆಯಿತು. ನಿನ್ನೆ ಸಂಜೆಯೊಳಗೆ ಐದು ಸಲ ಕರೆಂಟ್ ಹೋಗಿ ಬಂತು, ವಿಂಡೋಸ್ 7 ಅಲುಗಲಿಲ್ಲ. ಡಿಸ್ಕ್ ಚೆಕ್‌ನಲ್ಲಿ ಎರಡು ಫಾಂಟ್ ಫೈಲು ಕೆಟ್ಟಿದ್ದು ಸಿಕ್ಕಿತು, ಮತ್ತೆ ಹಾಕಿಕೊಂಡೆ. ಗಿರಾಕಿಯ ಕಾಗದವೂ ಅಚ್ಚಾಯಿತು. ಡಿಸ್ಕಿನ ಪ್ಲಗ್ಗಿನಲ್ಲಿ ಈಗ ಸೊಳ್ಳೆ ಓಡಿಸುವ ಯಂತ್ರ ಉರಿಯುತ್ತಿದೆ.