ಬ್ಲೂರ್ ಸೈಕಲ್ ಲೇನ್: ಟ್ರಾಫಿಕ್ ಇಂಜಿನಿಯರ್‌ನ ಕೇಳಿ (ಟೊರಾಂಟೊ, ಆಗಸ್ಟ್ 2025)

ಅಡ್ಮಿನ್: ನಮ್ ಗ್ರೂಪಿನ ಟ್ರಾಫಿಕ್ ಇಂಜಿನಿಯರ್ ಇವತ್ತು ಒಂದು ಗಂಟೆ ಫ್ರೀ ಇದಾರೆ. ಬ್ಲೂರ್, ಯಂಗ್, ಯೂನಿವರ್ಸಿಟಿ ಅವೆನ್ಯೂ ಈ ಮೂರು ರಸ್ತೆ ಸೈಕಲ್ ಲೇನ್ ಬಗ್ಗೆ ಕೇಳೋದಿದ್ರೆ ಕೇಳಿ. ಪಾಲಿಟಿಕ್ಸ್ ಬೇಡ.

ಬ್ರಾಂಪ್ಟನ್ ಗೌಡ: ಇನ್ಮೇಲೆ ಸೈಕಲ್ ಲೇನ್ ನಮ್ ಹಕ್ಕು ಅಂತ ಕೋರ್ಟ್ ಹೇಳ್ತಂತೆ, ಫಾರ್ವರ್ಡ್ ಬಂತು, ನಿಜನಾ?

ಇಂಜಿನಿಯರ್: ಹಾಗೆ ಹೇಳಿಲ್ಲ. ಹೋದ ನವೆಂಬರ್‌ನಲ್ಲಿ ಬಿಲ್ 212 ಪಾಸಾಯ್ತು: ಕಾರ್ ಲೇನ್ ಕಮ್ಮಿ ಮಾಡಿ ಸೈಕಲ್ ಲೇನ್ ಹಾಕ್ಬೇಕಂದ್ರೆ ಸಿಟಿಯೋರು ಒಂಟಾರಿಯೋ ಪ್ರಾವಿನ್ಸ್ ಸರ್ಕಾರದ ಪರ್ಮಿಷನ್ ತಗೋಬೇಕು, ಈ ಮೂರು ರಸ್ತೇದು ಕಿತ್ತಾಕೋದು. ಜುಲೈ 30ಕ್ಕೆ ಜಡ್ಜ್ ಹೇಳಿದ್ದು, ಕಿತ್ರೆ ಅಪಾಯ ಜಾಸ್ತಿ, ಟ್ರಾಫಿಕ್ಕೂ ಕಮ್ಮಿ ಆಗಲ್ಲ, ಹಾಗಾಗಿ ಕೀಳೋದು ಕೆನಡಾ ಸಂವಿಧಾನದ ಹಕ್ಕುಗಳ ಚಾರ್ಟರ್ ಸೆಕ್ಷನ್ 7ಕ್ಕೆ (ಜೀವ, ಸುರಕ್ಷತೆ ಹಕ್ಕು) ವಿರುದ್ಧ ಅಂತ. ಹೊಸ ಲೇನ್ ಕೊಡಿ ಅನ್ನೋ ಹಕ್ಕಲ್ಲ ಅದು. ಸರ್ಕಾರ ಅಪೀಲ್ ಹೋಗ್ತೀವಿ ಅಂದಿದೆ.

ಹೊಸಬ: ಸರ್ ಬೈಕ್ ಲೇನ್‌ನಲ್ಲಿ ಬುಲೆಟ್ ಓಡಿಸ್ಬೋದಾ?

ಇಂಜಿನಿಯರ್: ಇಲ್ಲ. ಇಲ್ಲಿ ಬೈಕ್ ಅಂದ್ರೆ ಸೈಕಲ್.

ಕಿಪ್ಲಿಂಗ್ ಅಮ್ಮ: ನನ್ ಮಗ ಯುನಿವರ್ಸಿಟಿಗೆ ಬ್ಲೂರ್ ಮೇಲೇ ಹೋಗ್ತಾನೆ, ಲ್ಯಾಬ್ ಮುಗಿಸಿ ರಾತ್ರಿ ಹತ್ತಕ್ಕೆ ವಾಪಸ್. ಲೇನ್ ತೆಗೆದ್ರೆ ಕಾರಿಗೆ ಎದುರು ಬದುರಾಗಿ ಓಡಿಸು, ಬರೋ ಗಾಡಿ ಕಾಣುತ್ತೆ ಅಂತ ಮೆಸೇಜ್ ಬಂದಿತ್ತು, ಅದನ್ನೇ ಅವನಿಗೆ ಹೇಳಿದೀನಿ.

ಇಂಜಿನಿಯರ್: ದಯವಿಟ್ಟು ಈಗ್ಲೇ ಫೋನ್ ಮಾಡಿ ಬೇಡ ಅನ್ನಿ. ಯಾರು ಬರೀತಾರೋ ಇವನ್ನ! ರೈಟ್ ತಿರುಗೋ ಡ್ರೈವರ್ ನೋಡೋದು ಎಡಕ್ಕೆ, ನಿಮ್ ಮಗ ಬರೋದು ಬಲಗಡೆಯಿಂದ, ಡ್ರೈವರ್‌ಗೆ ಕಾಣೋದೇ ಇಲ್ಲ, ಅದ್ರ ಮೇಲೆ ಎರಡೂ ಸ್ಪೀಡು ಸೇರಿ ಡಿಕ್ಕಿ ಹೊಡೆಯುತ್ತೆ. ಫುಟ್‌ಪಾತೂ ಬೇಡ, 14 ವರ್ಷ ತುಂಬಿದೋರಿಗೆ ಸಿಟೀಲಿ ನಿಷೇಧ, ಡ್ರೈವ್‌ವೇಯಿಂದ ಹಿಂದಕ್ಕೆ ಬರೋ ಕಾರಿಗೂ ಅಲ್ಲೇ ಸಿಗ್ತಾನೆ. ಲೇನ್ ಇನ್ನೂ ಇದೆ, ಅದ್ರಲ್ಲೇ ಹೋಗ್ಲಿ. ಇಲ್ದಿರೋ ಕಡೆ ನಿಂತಿರೋ ಕಾರುಗಳಿಂದ ಒಂದು ಬಾಗಿಲಷ್ಟು ದೂರ ಬಿಟ್ಟು ಓಡಿಸ್ಲಿ, ಅಂಚಿಗೆ ಅಂಟ್ಕೊಂಡು ಹೋದ್ರೆ ಡೋರ್ ತಗ್ದೋನು ಮಲಗಿಸ್ತಾನೆ. ದಾಟೋ ಕಾರು ಸಾಧ್ಯ ಇದ್ದಷ್ಟೂ ಒಂದು ಮೀಟರ್ ಜಾಗ ಬಿಡ್ಬೇಕು ಅಂತ ಒಂಟಾರಿಯೋದಲ್ಲಿ ಕಾನೂನೇ ಇದೆ. ಲಾರಿ ಪಕ್ಕ ಸಿಗ್ನಲ್‌ನಲ್ಲಿ ನಿಲ್ಲದೇ ಇರ್ಲಿ, ಹಿಂದೆ ನಿಲ್ಲಲಿ. ಅವನ ಸೈಕಲ್‌ಗೆ ಲೈಟ್ ಇದೆಯಾ?

ಬ್ರಾಂಪ್ಟನ್ ಗೌಡ: ಸರ್ ಬ್ಲೂರ್ ಲೇನ್ ಕಿತ್ರಾ?

ಇಂಜಿನಿಯರ್: ಇಲ್ಲ. ಮೇಲೆ ಓದಿ.

ಧಾರವಾಡ ಪೇಢಾ: ಏನ್ ಲೇನ್ರೀ, ಜನವರಿ ಹಿಮದಾಗ ಯಾರ್ ಸೈಕಲ್ ಹೊಡೀತಾರ? ಕಾರಿನ್ಯಾಗ ಕುಂತು ನಾವು ಕೊಳೀಬೇಕು.

ಜಯನಗರ: ನೀವು ಕೊಳಿಯೋದು ನಿಮ್ ಮುಂದಿರೋ ಕಾರಿಂದ, ಸೈಕಲ್‌ನಿಂದಲ್ಲ. ಬೆಂಗ್ಳೂರು ರಿಂಗ್ ರೋಡಲ್ಲೂ 2020ರಲ್ಲಿ ಸೈಕಲ್ ಲೇನ್ ಮಾಡಿದ್ರು, ಸ್ಕೂಟರ್‌ನೋರು ನುಗ್ಗಿ ನುಗ್ಗಿ ಹಾಳ್ ಮಾಡಿದ್ರು.

ಧಾರವಾಡ ಪೇಢಾ: ಅಂದ್ರ ನಾ ಸ್ಕೂಟರ್‌ನವನಾ? ಟ್ಯಾಕ್ಸ್ ನಾವು ಕೊಡ್ತೀವಿ.

ಜಯನಗರ: ಸೈಕಲ್‌ನೋರು ಕೊಡಲ್ವಾ? ಲೇನ್ ಕೀಳೋಕೇ 48 ಮಿಲಿಯನ್ ಡಾಲರ್ ಅಂತ ಸಿಟಿ ಲೆಕ್ಕ ಕೊಟ್ಟಿದೆ, ಅದು ಯಾರಪ್ಪಂದು?

ಅಡ್ಮಿನ್: ಅಪ್ಪನವರೆಗೂ ಹೋಗ್ಬೇಡಿ.

ಧಾರವಾಡ ಪೇಢಾ: ಇಂಜಿನಿಯರ್ ಸಾಹೇಬ್ರ, ನೀವಾದ್ರೂ ಖರೇ ಹೇಳ್ರಿ.

ಇಂಜಿನಿಯರ್: ಖರೇ ಹೇಳ್ಬೇಕಂದ್ರೆ ಇಬ್ರಿಗೂ ಇಷ್ಟ ಆಗಲ್ಲ. ಲೇನ್ ಹಾಕಿದ್ಮೇಲೆ ಕೆಲವು ಕಡೆ ಕಾರು ನಿಧಾನ ಆಗುತ್ತೆ, ಸುಳ್ಳಲ್ಲ. ಆದ್ರೆ ಊರೊಳಗಿನ ರಸ್ತೇಲಿ ತಡೆಯೋದು ಜಂಕ್ಷನ್ನು, ಲೆಫ್ಟ್ ತಿರುಗೋಕೆ ನಿಂತ ಒಂದು ಕಾರು, ಡಬಲ್ ಪಾರ್ಕ್ ಮಾಡಿದ ಡೆಲಿವರಿ ವ್ಯಾನು. ಲೇನ್ ಕಿತ್ರೂ ಅವು ಅಲ್ಲೇ ಇರ್ತವೆ, ಖಾಲಿಯಾದ ಜಾಗಕ್ಕೆ ಇನ್ನೊಂದಷ್ಟು ಕಾರು ಬರುತ್ತೆ. ಎಮರ್ಜೆನ್ಸಿ ಗಾಡಿ ವಿಷ್ಯ ಮಾತ್ರ ಜಾಗ ಜಾಗಕ್ಕೆ ಬೇರೆ, ಅದನ್ನ ಅಳೆದು ನೋಡ್ಬೇಕು.

ಹೊಸಬ: ಇ-ಬೈಕ್ ಡೆಲಿವರಿ ಮಾಡ್ತೀನಿ, ಇನ್ಶುರೆನ್ಸ್ ಬೇಕಾ ಸರ್?

ಬ್ರಾಂಪ್ಟನ್ ಗೌಡ: ಲೇನ್ ಇದ್ರೆ ಅಂಗಡಿ ವ್ಯಾಪಾರ ಬೀಳುತ್ತೆ ಅಂತ ವಿಡಿಯೋ ನೋಡಿದೆ...

ಇಂಜಿನಿಯರ್: ಸಾಕು. ಫಾರ್ವರ್ಡ್‌ಗೆಲ್ಲ ಉತ್ತರ ಕೊಡೋಕೆ ನಾನು ಕೂತಿಲ್ಲ. ಕಿಪ್ಲಿಂಗ್ ಅಮ್ಮ, ಫೋನ್ ಮಾಡಿದ್ರಾ?

ಧಾರವಾಡ ಪೇಢಾ: ನಂಗ ಉತ್ತರ ಅಷ್ಟೇನಾ?

ಕಿಪ್ಲಿಂಗ್ ಅಮ್ಮ: ಈಗ ಮಾಡ್ದೆ. ಅಮ್ಮಾ ಆ ಮೆಸೇಜ್ ನಾನ್ ಓದೇ ಇಲ್ಲ ಅಂದ. ಹಿಂದಿನ ಲೈಟು ಎರಡ್ ವಾರದಿಂದ ಕೆಟ್ಟಿದ್ಯಂತೆ.

ಇಂಜಿನಿಯರ್: ಇವತ್ತು ಸಬ್‌ವೇಯಲ್ಲಿ ಬರಕ್ ಹೇಳಿ.