ಮಗ್ದಲದ ಮರಿಯಳು ಪಾಪಿಯಾದದ್ದು ಹೇಗೆ?

ಪ್ರಶ್ನೆ: ಯೇಸುವಿನ ಹಿಂಬಾಲಕಿಯಾದ ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳೆಂದು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಯೇಸುವಿನ ಜೀವನವನ್ನು ಹೇಳುವ ಬೈಬಲಿನ ನಾಲ್ಕೂ ಸುವಾರ್ತೆಗಳನ್ನು ಓದಿದರೂ ಆ ಮಾತು ಸಿಗಲಿಲ್ಲ. ಸ್ತ್ರೀವಾದಿ ವಿದ್ವಾಂಸರು ಇದನ್ನು ಹೇಗೆ ನೋಡುತ್ತಾರೆಂದು ಬಲ್ಲವರು ತಿಳಿಸಬೇಕು.

ಉತ್ತರ 1: ಅದು ಅಲ್ಲಿ ಇಲ್ಲವೇ ಇಲ್ಲ. ಲೂಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ನೆನೆಸಿದ ಪಾಪಿ ಹೆಂಗಸಿಗೆ ಹೆಸರಿಲ್ಲ. 8ನೆಯ ಅಧ್ಯಾಯದ ಮಗ್ದಲದ ಮರಿಯಳಾದರೋ ಏಳು ದೆವ್ವಗಳಿಂದ ಬಿಡುಗಡೆ ಹೊಂದಿ, ಇತರ ಸ್ತ್ರೀಯರೊಡನೆ ತನ್ನ ಸ್ವಂತ ಆಸ್ತಿಯಿಂದ ಯೇಸು ಮತ್ತು ಶಿಷ್ಯರ ಬಳಗವನ್ನು ಪೋಷಿಸಿದವಳು. ಇವರಿಬ್ಬರನ್ನೂ ಮಾರ್ಥಳ ತಂಗಿಯಾದ ಬೇಥಾನ್ಯದ ಮರಿಯಳನ್ನೂ ಒಬ್ಬಳೇ ಎಂದು 591ರ ಪ್ರವಚನದಲ್ಲಿ ಸಾರಿದವರು ಪೋಪ್ ಒಂದನೆಯ ಗ್ರೆಗೊರಿ.

ಉತ್ತರ 2: ಕಥೋಲಿಕ ಸಭೆಯ 1969ರ ಪಂಚಾಂಗ (ಸಂತರ ಹಬ್ಬಗಳ ಪಟ್ಟಿ) ಮೂವರನ್ನು ಒಬ್ಬಳಾಗಿಸಿದ ಆ ಬೆರಕೆಯನ್ನು ಕೈಬಿಟ್ಟಿತು. ಆದರೂ ನನ್ನನ್ನು ಹೆಚ್ಚು ಕಾಡುವುದು ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯ: ಯೇಸು ಸತ್ತು ಮತ್ತೆ ಎದ್ದ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಒಯ್ದ ಮಗ್ದಲದ ಮರಿಯಳನ್ನು ಪಶ್ಚಾತ್ತಾಪದ ಚಿತ್ರವಾಗಿಯಷ್ಟೇ ಶತಮಾನಗಳ ಕಾಲ ತೋರಿಸಿದ್ದರಿಂದ, ಅವಳ ಸಾಕ್ಷಿಯ ಅಧಿಕಾರವೇ ಮರೆಯಾಯಿತು.